ಕಾಲುವೆಯ ಟ್ರಾನ್ಸ್‌ಫಾರ್ಮರ್ ಪೀಣ್ಯಕ್ಕೆ ಬಂದಾಗ

ಮಲ್ಲಣ್ಣಾ,

ನಿನ್ನ ತಂಗಿ ನೀಲವ್ವ ಬರೆಯುತ್ತಿದ್ದೇನೆ. ನೀನು ಕ್ಷೇಮವೇ ಎಂದು ಕೇಳುವಂತಿಲ್ಲ. ನಾವು ಕ್ಷೇಮ ಎಂದು ಬರೆದರೆ ನೀನು ನಂಬುವವನೂ ಅಲ್ಲ. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ "ಯಾಕವಾ, ಅಳಾಕತ್ತೀ ಏನು?" ಅನ್ನುತ್ತಿದ್ದೆಯಲ್ಲ. ಅದಕ್ಕೇ ಸುತ್ತುಬಳಸಿ ಬರೆಯುವುದಿಲ್ಲ. ನೀನು ಹೋದಮೇಲೆ ಏನೇನಾಯಿತು ಅನ್ನುವುದು ನಿನಗೆ ಗೊತ್ತಾಗಬೇಕು.

ಗಂಡನ ಮನೆ ಬಿಟ್ಟು ಬಂದ ಬೆಳಗ್ಗೆ ಗೊರಗುಂಟೆಪಾಳ್ಯದಲ್ಲಿ ಬಸ್ಸಿಳಿದಾಗ ನೀನು ನನ್ನನ್ನು ಏನೂ ಕೇಳಲಿಲ್ಲ. ಚೀಲ ತೆಗೆದುಕೊಂಡು ಮುಂದೆ ಮುಂದೆ ನಡೆದೆ. ನಿನ್ನ ಅಂಗಿಯಿಂದ ಬರುತ್ತಿದ್ದ ಟ್ರಾನ್ಸ್‌ಫಾರ್ಮರ್ ಎಣ್ಣೆಯ ವಾಸನೆಯನ್ನು ಹಿಡಿದು ನಾನು ಜನರ ನಡುವೆ ಹಿಂದೆ ಹಿಂದೆ ಬಂದೆ. ಬಾಗಲಗುಂಟೆಯ ನಿನ್ನ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ನಿನ್ನ ಹೆಂಡತಿ, ನನ್ನ ವೈನಿ, ನನ್ನ ಮುಖ ನೋಡಿ, ಒಳಗೆ ಹೋಗಿ ರೊಟ್ಟಿ ತಟ್ಟಲು ಕೂತರು. ನಿಮ್ಮ ಮಗಳು ಗೌರಿ ತನ್ನ ಹಾಸಿಗೆಯಲ್ಲಿ ಅರ್ಧ ಬಿಟ್ಟುಕೊಟ್ಟಳು. ಇದ್ದದ್ದರಲ್ಲಿ ನನಗೂ ಜಾಗವಾಯಿತು. ಆಮೇಲೆ ಒಂದು ದಿನವಾದರೂ ಯಾರಾದರೂ ಮುಖ ಸಣ್ಣ ಮಾಡಿದ್ದು ನನಗೆ ನೆನಪಿಲ್ಲ.

ಪೀಣ್ಯದ ಶೆಡ್ಡಿಗೆ ನೀನು ಮೊದಲ ಸಲ ಕರೆದುಕೊಂಡು ಹೋದಾಗ ನಾನು ನಿನ್ನ ಬೆನ್ನಿಗೆ ಅಂಟಿಕೊಂಡೇ ನಡೆದೆ. ಸುಟ್ಟುಹೋದ ಟ್ರಾನ್ಸ್‌ಫಾರ್ಮರ್‌ಗಳನ್ನು ಬಿಚ್ಚಿ, ಹೊಸ ತಂತಿ ಸುತ್ತಿ, ಎಣ್ಣೆ ತುಂಬಿ, ಪರೀಕ್ಷೆ ಮಾಡಿ ಕಳಿಸುವ ಶೆಡ್ಡು ಅದು. ಹೆಂಗಸರೆಲ್ಲ ವೈಂಡಿಂಗ್ ವಿಭಾಗದಲ್ಲಿ. ಕಾಗದ ಸುತ್ತಿದ ತಾಮ್ರದ ತಂತಿಯನ್ನು ನನ್ನ ಕೈಗೆ ಕೊಟ್ಟು ನೀನು ಹೇಳಿದೆ, "ಈ ಎರಡು ಸುರುಳಿ ಒಂದನ್ನೊಂದು ಮುಟ್ಟಬಾರದು. ಮುಟ್ಟಿದ್ರ ಸುಟ್ಟು ಬೂದಿ. ಆದ್ರೂ ಇದರಾಗಿನ ಕರೆಂಟು ಅದರಾಗ ಹೋಗತೈತಿ ನೋಡು."

"ಮುಟ್ಟದ ಹೆಂಗ ಹೋಗತೈತಿ?" ಎಂದು ಕೇಳಿದೆ.

"ಹೆಂಗ ಅಂತ ನನಗೂ ಪೂರಾ ತಿಳಿದಿಲ್ಲವಾ. ಆದ್ರ ಹೋಗತೈತಿ." ಹಾಗೆಂದು ನಕ್ಕೆಯಲ್ಲ, ಆ ನಗು… ಇರಲಿ.

ನಮ್ಮೂರ ಕಾಲುವೆಯ ಟ್ರಾನ್ಸ್‌ಫಾರ್ಮರ್ ಲಾರಿಯಲ್ಲಿ ಬಂದ ದಿನ ನಿನ್ನನ್ನು ಹಿಡಿಯುವವರೇ ಇರಲಿಲ್ಲ. ಕ್ರೇನ್ ಅದನ್ನು ಇನ್ನೂ ನೆಲಕ್ಕೆ ಇಳಿಸಿರಲಿಲ್ಲ, ನೀನು ಅದರ ಅಡಿಗೆ ಅಂಟಿದ್ದ ಎರೆಮಣ್ಣನ್ನು ಬೆರಳಲ್ಲಿ ಕೆರೆದು ವೈಂಡಿಂಗ್ ವಿಭಾಗದವರೆಗೆ ಓಡಿ ಬಂದೆ. "ನೀಲವ್ವಾ, ವಾಸನಿ ನೋಡು. ನಮ್ಮ ಮಣ್ಣು!" ಕಾಲುವೆ ನೀರು ಎತ್ತರದಿಂದ ಧುಮುಕುವ ಕಡೆ ಸಣ್ಣ ಕರೆಂಟು ಕಾರ್ಖಾನೆ ಕಟ್ಟಿದ್ದಾರೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಅವ್ವ ಎಮ್ಮೆ ಮೈ ತೊಳೆಯುತ್ತಿದ್ದ ಜಾಗಕ್ಕಿಂತ ಸ್ವಲ್ಪ ಕೆಳಗೆ ಎಂದೆ ನೀನು. ನೀರು ಚಕ್ರ ತಿರುಗಿಸುತ್ತದೆ, ಚಕ್ರ ಜನರೇಟರ್ ತಿರುಗಿಸುತ್ತದೆ, ಆದರೆ ಅಲ್ಲಿ ಹುಟ್ಟುವ ಕರೆಂಟಿಗೆ ದೂರ ಹೋಗುವ ಶಕ್ತಿ ಇಲ್ಲ, ಅದನ್ನು ಏರಿಸಿ ಲೈನಿಗೆ ಕಳಿಸುವುದು ಈ ಟ್ರಾನ್ಸ್‌ಫಾರ್ಮರ್, ಇದು ಸುಟ್ಟಿದ್ದರಿಂದ ಅಲ್ಲಿ ನೀರೆಲ್ಲ ಸುಮ್ಮನೆ ಹರಿದುಹೋಗುತ್ತಿದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅದರ ಹೊಸ ಸುರುಳಿಯನ್ನು ನೀಲವ್ವನೇ ಸುತ್ತಬೇಕು ಎಂದು ಹಟ ಹಿಡಿದವನೂ ನೀನೇ. ಸುತ್ತಿದೆ. ಇಷ್ಟು ಮನಸ್ಸಿಟ್ಟು ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಟೆಸ್ಟಿಂಗ್ ಜಾಗದ ಗೇಟಿನ ಬಗ್ಗೆ ನೀನು ಗಿರೀಶ್ ಸಾರ್ ಹತ್ತಿರ ಮಾತಾಡಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಅವರು ನಮ್ಮ ಸೂಪರ್‌ವೈಸರ್, ಮಾತಿಗೆ ಒರಟಲ್ಲ. ಟ್ರಾನ್ಸ್‌ಫಾರ್ಮರ್‌ಗೆ ಭಾರೀ ವೋಲ್ಟೇಜು ಕೊಟ್ಟು ಪರೀಕ್ಷೆ ಮಾಡುವ ಆ ತಂತಿಬಲೆಯ ಪಂಜರಕ್ಕೆ ಒಂದೇ ಗೇಟು. ಗೇಟು ತೆರೆದರೆ ಅದರ ಪಕ್ಕದ ಸಣ್ಣ ಸ್ವಿಚ್ಚು ಬಿಟ್ಟುಕೊಂಡು ಕರೆಂಟು ತಾನಾಗಿ ಕಡಿದುಹೋಗಬೇಕು. ಆದರೆ ಗೇಟು ಜೋತುಬಿದ್ದು, ಕ್ರೇನ್ ಓಡಾಡಿದರೂ ಅಲುಗಿ, ಪರೀಕ್ಷೆಯ ನಡುವೆ ಕರೆಂಟು ಹೋಗುತ್ತಿತ್ತು. ಕಾಲುವೆಗೆ ನೀರು ಬಿಟ್ಟಾಗಿದೆ, ಬೇಗ ಕಳಿಸಿ ಎಂದು ಅಲ್ಲಿಂದ ಫೋನಿನ ಮೇಲೆ ಫೋನು. ಗಿರೀಶ್ ಸಾರ್ ಪ್ಲಾಸ್ಟಿಕ್ ಪಟ್ಟಿಯಿಂದ ಆ ಸ್ವಿಚ್ಚನ್ನು ಬಿಗಿದು ಕಟ್ಟಿಸಿದರು. ಗೇಟು ತೆರೆದರೂ ಮುಚ್ಚಿದಂತೆಯೇ ಲೆಕ್ಕ.

"ಇದು ಬ್ಯಾಡ್ರೀ ಸಾರ್. ಗೇಟು ರಿಪೇರಿ ಮಾಡಸ್ರಿ," ಅಂದೆ ನೀನು.

"ಇದೊಂದು ಡೆಲಿವರಿ ಆಗ್ಲಿ ಮಲ್ಲಣ್ಣ, ವೆಲ್ಡರ್‌ನ ಕರೆಸ್ತೀನಿ. ಓನರ್ ನನ್ನ ತಲೆ ತಿಂತಾವ್ರೆ."

"ಹಂಗಂದ್ರ ನಾ ಒಳಗ ಇದ್ದಾಗ ಪ್ಯಾನಲ್ ಹತ್ರ ಯಾರೂ ಬರಂಗಿಲ್ಲ ಮತ್ತ."

"ನಾನೇ ನಿಂತ್ಕೋತೀನಿ ಕಣಪ್ಪ. ನನ್ ಮೇಲೆ ನಂಬಿಕೆ ಇಲ್ವಾ?"

ನಂಬಿಕೆ ಇಲ್ಲ ಎಂದು ನೀನು ಹೇಗೆ ಹೇಳುತ್ತೀ? ಯಾರು ತಾನೇ ಹೇಳಿಯಾರು?

ಊಟಕ್ಕೆ ನಿನ್ನನ್ನು ಕರೆಯಲು ನಾನು ಬಂದಾಗ ನೀನು ಪಂಜರದ ಒಳಗಿದ್ದೆ. ನಾನು ಗೇಟಿಗಿಂತ ಎಷ್ಟೋ ದೂರದಲ್ಲಿದ್ದೆ, ನಡುವೆ ಎಣ್ಣೆ ಸೋಸುವ ಯಂತ್ರ ಗುರ್ರೆನ್ನುತ್ತಿತ್ತು. ನೀನು ಒಳಗೆ ಹೋದವನು ಮೊದಲು ಅರ್ಥಿಂಗ್ ಕೋಲನ್ನು ತಂತಿಗೆ ಸಿಕ್ಕಿಸಿದ್ದೆ. ಉಳಿದ ಕರೆಂಟು ನೆಲಕ್ಕಿಳಿಯಲಿ ಎಂದು ಹಾಕುವ ಕೋಲು ಅದು. ಎಣ್ಣೆ ಜಿನುಗಿದ್ದ ಕಡೆ ಬಟ್ಟೆಯಿಂದ ಒರೆಸಿದೆ. ಮುಗಿಸಿ ಕೋಲು ತೆಗೆದೆ, ಹೊರಗೆ ಬರಲು ತಿರುಗಿದೆ. ಅಷ್ಟರಲ್ಲಿ ಪ್ಯಾನಲ್ ಮುಂದಿದ್ದ ಗಿರೀಶ್ ಸಾರ್, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, "ಆಯ್ತು ಸಾರ್, ಇವತ್ತೇ ಲೋಡ್ ಮಾಡ್ತೀವಿ, ಟೆಸ್ಟ್ ನಡೀತಾನೇ ಇದೆ" ಎನ್ನುತ್ತಾ ಕರೆಂಟು ಬಿಡುವ ಬಟನ್ ಒತ್ತಿದರು. ನಾನು ಕೂಗಿದೆ. ನಿನ್ನ ಹೆಸರನ್ನೇ ಕೂಗಿದೆನೋ ಬರೀ ಅರಚಿದೆನೋ ಗೊತ್ತಿಲ್ಲ. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಆಮೇಲೆ ಕೇಳಿಸಿದ ಇನ್ನೊಂದು ಸದ್ದು ಮಾತ್ರ ಇಡೀ ಶೆಡ್ಡಿಗೆ ಕೇಳಿಸಿತು.

ನಿನಗೆ ನೋವಾಯಿತೇ ಅಣ್ಣಾ? ಆಸ್ಪತ್ರೆಯಲ್ಲಿ ಡಾಕ್ಟರು, ಏನೂ ಗೊತ್ತಾಗಿರಲ್ಲಮ್ಮ ಅಂದರು. ಅವರು ಎಲ್ಲರಿಗೂ ಹಾಗೇ ಹೇಳುತ್ತಾರಾ?

ನಿನ್ನನ್ನು ಊರಿಗೆ ಕರೆದೊಯ್ದ ದಿನ ಆಂಬುಲೆನ್ಸಿನಲ್ಲಿ ವೈನಿ ನಿನ್ನ ಕಾಲ ಬಳಿ ಕೂತಿದ್ದರು, ನಾನು ಗೌರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಮಾದನಾಯಕನಹಳ್ಳಿಯ ಗೋದಾಮುಗಳನ್ನು ದಾಟುವಾಗ ಓನರ್ ಕಡೆಯವರಿಂದ ಫೋನು ಬಂತು. ಮಣ್ಣಿನ ಖರ್ಚೆಲ್ಲ ಅವರದ್ದೇ ಅಂತೆ. ಆಮೇಲೆ ಮೆಲ್ಲಗೆ ಸೇರಿಸಿದರು, "ಪಾಪ, ಸ್ವಿಚ್ ಆಫ್ ಮಾಡೋದು ಮರ್ತು ಒಳಗೆ ಹೋಗ್ಬಿಟ್ಟಿದ್ದಾನೆ. ಯಾರಾದ್ರೂ ಕೇಳಿದ್ರೆ ಹಂಗೇ ಹೇಳ್ಬೇಕಮ್ಮ." ನಿನ್ನನ್ನು ಮಣ್ಣಿಗೂ ಇಟ್ಟಿರಲಿಲ್ಲ, ಆಗಲೇ ತಪ್ಪು ನಿನ್ನದಾಗಿತ್ತು. ನಾವು ಮರಳಿ ಬರುವ ಹೊತ್ತಿಗೆ ಸ್ವಿಚ್ಚಿನ ಪಟ್ಟಿ ಕತ್ತರಿಸಿ ತೆಗೆದಿದ್ದರು, ಗೇಟಿಗೆ ಹೊಸ ಕೀಲು ಬಂದಿತ್ತು. ನೀನು ಕೇಳಿದ್ದ ವೆಲ್ಡರ್ ಕೊನೆಗೂ ಬಂದಿದ್ದ.

ಓನರ್ ಮನೆಗೆ ಬಂದ ದಿನ ವೈನಿ ಸೆರಗು ಹೊದ್ದು ಗೋಡೆಗೆ ಒರಗಿ ನಿಂತಿದ್ದರು. ಆಫೀಸಿನಲ್ಲಿ ವೈನಿಗೆ ಕೆಲಸ, ಗೌರಿಯ ಶಾಲೆಯ ಹೊಣೆ, ಎಲ್ಲಾ ನೋಡಿಕೊಳ್ಳುತ್ತೇವೆ ಎಂದರು. "ಆದ್ರೆ ಸುಮ್ನೆ ಕಂಪ್ಲೇಂಟು ಗಿಂಪ್ಲೇಂಟು ಅಂತ ಹೋದ್ರೆ ನಮ್ ಕೈಲೂ ಏನೂ ಆಗಲ್ಲ ನೋಡಿ." ಅವರು ಹೋದಮೇಲೆ ವೈನಿ ನನ್ನ ಕೈ ಹಿಡಿದುಕೊಂಡರು.

"ನೀಲವ್ವಾ, ನೀ ಕಂಡದ್ದು ನಿನ್ನ ಹೊಟ್ಟ್ಯಾಗ ಇರಲಿ. ನಿಮ್ಮಣ್ಣ ತಿರುಗಿ ಬರಾಂಗಿಲ್ಲ. ಈ ಹುಡುಗಿ ಮುಖ ನೋಡು."

"ಅಣ್ಣ ಮರತ ಹೋಗಿ ಸತ್ತ ಅಂತ ಹೇಳ್ಲೇನ್ರಿ ವೈನಿ?"

"ಹೇಳು. ಸತ್ತವರಿಗೆ ಏನ್ ತಿಳಿತೈತಿ?"

ನಾನು ವೈನಿಯನ್ನು ದೂರಲಾರೆ. ಅವರು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು? ನೀನು ತಿರುಗಿ ಬರುವುದಿಲ್ಲ ಅನ್ನುವುದು ನಿಜ, ಗೌರಿಯ ಹೊಟ್ಟೆಪಾಡು ನಿಜ. ಆದರೆ ಅಪಘಾತದ ತನಿಖೆಗೆ ಇನ್‌ಸ್ಪೆಕ್ಟರ್ ಶೆಡ್ಡಿಗೆ ಬಂದು, ಅಲ್ಲಿದ್ದವರು ಯಾರು ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. ನನಗೆ ನೆಲ ನೋಡಲಾಗಲಿಲ್ಲ. ನಾನು ಇದ್ದೆ ಸಾರ್ ಎಂದೆ. ಕೋಲಿನಿಂದ ಹಿಡಿದು ಫೋನಿನವರೆಗೆ ಕಂಡದ್ದೆಲ್ಲ ಹೇಳಿದೆ. ಆ ವಾರವೇ ನನ್ನನ್ನು ಕೆಲಸಕ್ಕೆ ಬರಬೇಡ ಎಂದರು. ವೈನಿಗೆ ಕೊಡುತ್ತೇನೆಂದಿದ್ದ ಕೆಲಸವೂ ಹೋಯಿತು. ವೈನಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವಾಗ ನಾನು ಸಹಾಯಕ್ಕೆ ಕೈ ಚಾಚಿದೆ. ಅವರು ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡರು. ಗೌರಿಯನ್ನು ಕರೆದುಕೊಂಡು ತವರಿಗೆ ಹೋದರು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

ಗಿರೀಶ್ ಸಾರ್ ಒಂದು ಭಾನುವಾರ ಬಾಗಲಗುಂಟೆಗೆ ಬಂದರು. ಒಳಗೆ ಬನ್ನಿ ಅನ್ನಲು ನನಗೆ ಬಾಯಿ ಬರಲಿಲ್ಲ, ಬಾಗಿಲಲ್ಲೇ ನಿಂತರು. ಗಡ್ಡ ಬೆಳೆದಿತ್ತು, ಕಣ್ಣು ಒಳಕ್ಕೆ ಹೋಗಿದ್ದವು.

"ಬೇಕೂ ಅಂತ ಮಾಡಿದ್ದಲ್ಲ ಕಣಮ್ಮ ನೀಲಮ್ಮ. ಮಲ್ಲಣ್ಣ ನನ್ಗೆ ತಮ್ಮ ಇದ್ದಂಗೆ ಇದ್ದ."

"ಬೇಕಂತ ಮಾಡಿಲ್ಲ, ನನಗೂ ಗೊತ್ತೈತ್ರೀ. ಆದ್ರ ಮಾಡಿದವ್ರು ನೀವು. ಅಷ್ಟ ಹೇಳ್ರಿ ಸಾಕು."

"ಹೇಳಿದ್ರೆ ಜೈಲಿಗೆ ಹಾಕ್ತಾರಮ್ಮ. ನನಗೂ ಮನೆ ಇದೆ."

"ಅಣ್ಣಗೂ ಇತ್ತು."

ಅವರು ಮುಖ ಮುಚ್ಚಿಕೊಂಡು ಅತ್ತರು. ಕುಡಿಯಲು ನೀರು ಕೂಡ ಕೊಡಲಿಲ್ಲ ನಾನು. ಕೊಡಬೇಕಿತ್ತು ಅನ್ನುತ್ತೀಯಾ? ನೀನಾಗಿದ್ದರೆ ಕೊಡುತ್ತಿದ್ದೆ, ಗೊತ್ತು. ನನಗೆ ಆಗಲಿಲ್ಲ.

ವಿಚಾರಣೆಗೆ ನನ್ನನ್ನೂ ಗಿರೀಶ್ ಸಾರನ್ನೂ ಒಟ್ಟಿಗೆ ಕರೆದ ದಿನ ಓನರ್ ಕಡೆಯ ವಕೀಲರು ನನ್ನನ್ನು ಬಹಳ ಕೇಳಿದರು. ಸತ್ತವನ ತಂಗಿ ಎಂದಮೇಲೆ ಹೀಗೆ ಹೇಳದೆ ಇನ್ನೇನು ಹೇಳುತ್ತಾಳೆ ಎಂದರು. ಅಷ್ಟು ದೂರದಿಂದ ಏನು ಕಂಡಿದ್ದೀತು ಎಂದರು. ಆಗ ಗಿರೀಶ್ ಸಾರ್ ಎದ್ದು ನಿಂತರು. ಒಂದು ಸಲ ಕೂತು ಮತ್ತೆ ಎದ್ದರು. "ಅವಳು ಹೇಳಿದ್ದು ನಿಜ ಸಾರ್. ಸ್ವಿಚ್ಚು ಕಟ್ಟಿಸಿದ್ದೂ ನಾನೇ, ಬಟನ್ ಒತ್ತಿದ್ದೂ ನಾನೇ. ಮಲ್ಲಣ್ಣ ಎಲ್ಲಾ ಸರಿಯಾಗೇ ಮಾಡಿದ್ದ." ವಕೀಲರು ಅವರ ತೋಳು ಹಿಡಿದು ಎಳೆಯುತ್ತಿದ್ದರು, ಅವರು ಕೂರಲಿಲ್ಲ.

ಇದರಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಗಿರೀಶ್ ಸಾರ್ ಮೇಲೆ ಕೇಸು ನಡೆಯುತ್ತಿದೆ, ಅವರಿಗೆ ಎಲ್ಲೂ ಕೆಲಸ ಸಿಗುತ್ತಿಲ್ಲ. ಬೇಗ ಕಳಿಸು ಎಂದು ಅವಸರ ಮಾಡಿದ ಓನರ್ ಮಾತ್ರ ಶೆಡ್ಡನ್ನು ಕೆಲವು ದಿನ ಮುಚ್ಚಿ, ಬೋರ್ಡು ಬದಲಿಸಿ ಮತ್ತೆ ತೆರೆದಿದ್ದಾನೆ. ವೈನಿಯ ಪರಿಹಾರದ ಅರ್ಜಿ ಇನ್ನೂ ಓಡಾಡುತ್ತಿದೆ. ನಾನು ಜಿಗಣಿ ಕಡೆ ಒಂದು ಮೋಟಾರು ಕಾರ್ಖಾನೆಯಲ್ಲಿ ವೈಂಡಿಂಗ್ ಮಾಡುತ್ತಿದ್ದೇನೆ. ನಮ್ಮೂರ ಟ್ರಾನ್ಸ್‌ಫಾರ್ಮರ್ ಬೇರೆ ಯಾರೋ ಪರೀಕ್ಷೆ ಮಾಡಿ, ಲಾರಿಗೆ ಏರಿಸಿ ಕಳಿಸಿದರಂತೆ. ಅದು ಓಡುತ್ತಿದೆಯೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಹೋದ ವಾರ ವೈನಿಯ ತವರಿಗೆ ಹೋಗಿದ್ದೆ, ಕರೆಯದೇ. ಅವರು ಬಾಗಿಲು ತೆಗೆದು, ನನ್ನನ್ನು ನೋಡಿ, ಅಡುಗೆಮನೆಗೆ ಹೋದರು. ಗೌರಿ ನನ್ನ ಪಕ್ಕ ಬಂದು ಕೂತಳು. ಎತ್ತರ ಬೆಳೆದಿದ್ದಾಳೆ, ನಿನ್ನದೇ ಹುಬ್ಬು. ಜಡೆಯ ತುದಿ ತಿರುವುತ್ತಾ ಕೇಳಿದಳು, "ಅತ್ತೀ, ಸಾಲ್ಯಾಗ ಎಲ್ಲಾರೂ ಅಂತಾರ, ನಿಮ್ಮಪ್ಪ ಸ್ವಿಚ್ ಆರಸೂದು ಮರತು ಸತ್ತ ಅಂತ. ಅಪ್ಪ ನಮ್ಮನ್ನೂ ಹಂಗ ಮರತಿದ್ನೇನು?"

ಅಣ್ಣಾ, ಸತ್ತವರಿಗೆ ತಿಳಿಯದೇ ಇದ್ದೀತು. ಇದ್ದವರಿಗೆ? ನಾನು ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದೆ. ಗೇಟು ಸರಿಯಿಲ್ಲ ಎಂದು ನೀನು ಹೇಳಿದ್ದು, ಕೋಲು ಸಿಕ್ಕಿಸಿದ್ದು, ಒರೆಸಿದ್ದು, ಹೊರಗೆ ಬರಲು ತಿರುಗಿದ್ದು. ಬಟನ್ ಒತ್ತಿದವರೇ ಎಲ್ಲರ ಮುಂದೆ ನಿಂತು ಒಪ್ಪಿಕೊಂಡದ್ದು. "ನಿಮ್ಮಪ್ಪ ಏನನ್ನೂ ಮರತಿರಲಿಲ್ಲ, ಗೌರೀ. ಹೊರಗ ಬರಾಕತ್ತಿದ್ದ. ಉಂಡು, ಕೆಲಸ ಮುಗಿಸಿ, ಮನಿಗೆ ಬರಾವ ಇದ್ದ." ಅವಳು ಅಳಲಿಲ್ಲ. ನನ್ನ ಭುಜಕ್ಕೆ ಹಣೆ ಒತ್ತಿಕೊಂಡು ಕೂತಳು.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಯಾವಾಗಲೋ ನಿಂತಿತ್ತು. ತಲೆಯೆತ್ತಿದರೆ ವೈನಿ ಬಾಗಿಲಲ್ಲಿ ನಿಂತಿದ್ದರು, ಅಂಗೈಗೆ ಹಿಟ್ಟು ಮೆತ್ತಿಕೊಂಡೇ. ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತರು.

"ಹೊರಗ ಬರಾಕತ್ತಿದ್ರು ಅಂದೀಯಲ್ಲ," ಅಂದರು. "ಆವಾಗ ಅವರ ಮುಖ ಹೆಂಗಿತ್ತು? ನೀ ಕಂಡೀಯಲ್ಲ, ಹೇಳು."

ಕಂಡಿದ್ದೆ ಅಣ್ಣಾ. ಯಾರೂ ಅದನ್ನು ಕೇಳಿರಲಿಲ್ಲ. ನೀನು ಕೈ ಒರೆಸಿಕೊಳ್ಳುತ್ತಾ ತಿರುಗಿದಾಗ ನನ್ನನ್ನು ನೋಡಿದ್ದೆ. ಊಟಕ್ಕೆ ಬಂದೆ ಅನ್ನುವ ಹಾಗೆ ತಲೆ ಆಡಿಸಿದ್ದೆ. ಹಸಿದಿದ್ದೆ ಅಂತ ಕಾಣುತ್ತದೆ, ನಗುತ್ತಿದ್ದೆ. ಅದನ್ನೇ ವೈನಿಗೆ ಹೇಳಿದೆ.

ನಿನ್ನ ತಂಗಿ,
ನೀಲವ್ವ