ಹೊನ್ನಾಳಿಯಲ್ಲಿ ನನ್ನ ವಿರುದ್ಧ ಎದ್ದು ನಿಂತ ಅಪ್ಪನಿಗೆ

ಪ್ರೀತಿಯ ಅಪ್ಪಾ,

ಅಮ್ಮ ಈಗಷ್ಟೇ ಫೋನಿನಲ್ಲಿ ನಿನ್ನ ಸುದ್ದಿ ಹೇಳಿದಳು. ಹಾಸ್ಟೆಲ್ ವರಾಂಡದಲ್ಲೇ ಕುಣಿದುಬಿಟ್ಟೆ. ವಾರ್ಡನ್ ಬೈದರು, ನಗುತ್ತಲೇ ಬೈಸಿಕೊಂಡೆ. ನಿನಗೆ ಫೋನಿನಲ್ಲಿ ಏನು ಹೇಳಹೋದರೂ "ಉಂಡೇನವ್ವಾ?" ಅಂದು ಅಮ್ಮನ ಕೈಗೆ ದಾಟಿಸುತ್ತೀಯ. ಅದಕ್ಕೇ ಈ ಕಾಗದ.

ಎರಡು ತಿಂಗಳಿಂದ ನನ್ನದೇ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಹೊನ್ನಾಳಿ ಕಾಲೇಜಿನ ಚರ್ಚಾ ಸ್ಪರ್ಧೆಗೆ 'ಸರ್ಕಾರಿ ತೈಲ ಕಂಪನಿಯನ್ನು ಖಾಸಗಿಯವರಿಗೆ ಮಾರಬೇಕೇ?' ಎಂಬ ವಿಷಯ ಕೊಟ್ಟಿದ್ದರು. ಪರವೋ ವಿರೋಧವೋ ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನನಗೆ ಬಂದದ್ದು 'ಮಾರಬೇಕು'. ಅದನ್ನು ನಿನಗೆ ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ನೀನು ಗ್ಯಾಸ್ ಗಾಡಿಗೆ ರಜೆ ಹಾಕಿ, ಕಂಪನಿಯ ಹೆಸರಿರುವ ಆ ಅಂಗಿಯನ್ನೇ ಇಸ್ತ್ರಿ ಮಾಡಿಸಿ ತೊಟ್ಟುಕೊಂಡು, ಜಗಳೂರಿನಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದೆ. ಮಗಳು ಮೈಕಿನ ಮುಂದೆ "ಮಾರಿಬಿಡಿ, ಆಗಲೇ ಉದ್ಧಾರ" ಎಂದು ಅಬ್ಬರಿಸಿದರೆ ಎಷ್ಟು ಹೊತ್ತು ತಾನೇ ತಡೆದುಕೊಳ್ಳುತ್ತೀಯ?

ನೀನು ಎದ್ದೇಬಿಟ್ಟೆ. "ಏನಂತ ಮಾರ್ತೀಯವ್ವಾ? ಸೊಕ್ಕೆ ಊರಿಂದ ಆಚಿಗಿನ ಹಟ್ಟಿಗೆ ಇರೋದೇ ಎರಡು ಸಿಲಿಂಡರ್. ಲಾಭ ನೋಡೋನು ಅಲ್ಲಿಗೆ ಗಾಡಿ ಕಳಿಸ್ತಾನಾ? ಇಪ್ಪತ್ತೆರಡು ವರ್ಷ ಹೊತ್ತೀನಿ, ಅದು ನಮ್ ಕಂಪನಿ ಐತೆ!"

ಸಭಾಂಗಣವೆಲ್ಲ ಸಿಳ್ಳೆ. ತೀರ್ಪುಗಾರರಿಗೂ ಮೋಜು ಹತ್ತಿ, ಒಂದು ನಿಮಿಷದಲ್ಲಿ ಉತ್ತರಿಸು ಎಂದರು. ನಕ್ಕು ಕೂತುಬಿಡಬಹುದಿತ್ತು. ಆದರೆ ನನಗೂ ನಿನ್ನದೇ ಹಟ. ಜನ್ಮದಲ್ಲಿ ಮೊದಲ ಸಲ ನಿನ್ನನ್ನು 'ನೀವು' ಅಂದೆ. "ನಮ್ಮ ಕಂಪನಿ ಅಂತೀರಿ. ಅಲ್ಲಿ ನಿಮ್ಮ ಹೆಸರು ಎಲ್ಲಿದೆ? ನೀವು ಗ್ಯಾಸ್ ಹಂಚುವ ಖಾಸಗಿ ಏಜೆನ್ಸಿಯ ಆಳು. ಈ ಅಂಗಿಯನ್ನೂ ನೀವೇ ಹೊಲಿಸಿದ್ದು. ನಾಳೆ ಬೆನ್ನು ಮುರಿದರೆ ವಿಮೆ ಕೂಡ ಇಲ್ಲ. ಕಂಪನಿಯನ್ನು ಇನ್ನೂ ಮಾರಿಲ್ಲ, ನಿಮ್ಮನ್ನು ಯಾವಾಗಲೋ ಮಾರಿ ಆಗಿದೆ!"

ಗೆದ್ದವರ ಕಪ್ ನನ್ನದಾಯಿತು. ನೀನು ಎಲ್ಲರಿಗಿಂತ ತಡವಾಗಿ ಚಪ್ಪಾಳೆ ತಟ್ಟಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಮಂಡಕ್ಕಿಯ ಪೊಟ್ಟಣ ನನ್ನ ಕೈಗಿಟ್ಟು, ಕಿಟಕಿಯ ಆಚೆ ನೋಡುತ್ತ ಕೂತೆ. ನಾಲ್ಕು ಜನರೆದುರು ಅಪ್ಪನ ಮಾನ ಕಳೆದೆನಲ್ಲ ಎಂದು ನಾನು ಆ ಪೊಟ್ಟಣವನ್ನು ಬಿಚ್ಚದೆ ಹಾಗೇ ಚೀಲಕ್ಕೆ ಹಾಕಿದೆ. ನಿಜ ಹೇಳಲೇ? ಕಂಪನಿಯ ವಿಷಯದಲ್ಲಿ ನಾನು ನಿನ್ನ ಕಡೆಯೇ. ಆ ಹಟ್ಟಿಯ ಒಲೆ ಉರಿಯಲೇಬೇಕು. ಆದರೆ ನಿನ್ನ ಬಗ್ಗೆ ಆಡಿದ್ದು ಸುಳ್ಳಾಗಿರಲಿಲ್ಲ, ಅದೇ ಸಂಕಟ.

ನಿನ್ನೆ ನೀನೂ ನಿನ್ನ ಜೊತೆ ಸಿಲಿಂಡರ್ ಹೊರುವ ತಿಪ್ಪೇಶಪ್ಪನೂ ಬೋರಣ್ಣನೂ ಗಾಡಿ ನಿಲ್ಲಿಸಿ ಏಜೆನ್ಸಿ ಮಾಲೀಕರ ಮುಂದೆ ಹೋಗಿ ನಿಂತಿರಂತೆ. ನನ್ನ ಆ ಒಂದು ನಿಮಿಷವನ್ನು ಅಕ್ಷರ ಬಿಡದೆ ಒಪ್ಪಿಸಿದೆಯಂತೆ! ಏಜೆನ್ಸಿಯ ಏಳೂ ಜನ ಆಳುಗಳಿಗೆ ವಿಮೆ, ಗುರುತಿನ ಚೀಟಿ ಬರೆದುಕೊಟ್ಟ ಮೇಲೆ ಮಾಲೀಕರು, ಯಾವ ಕಾರ್ಮಿಕ ಸಂಘದವರು ಹೇಳಿಕೊಟ್ಟರು ಎಂದು ಕೇಳಿದರಂತೆ. ನೀನು ಕೊಟ್ಟ ಉತ್ತರವನ್ನು ಬೋರಣ್ಣ ಮನೆಗೇ ಬಂದು, ನಿನ್ನ ಹಾಗೇ ಎದೆ ಸೆಟೆಸಿ ಅಮ್ಮನಿಗೆ ಮಾಡಿ ತೋರಿಸಿದನಂತೆ:

"ಸಂಘ ಗಿಂಘ ಏನಿಲ್ಲ ಬಿಡ್ರೀ. ನನ್ ಮಗಳು ಎಲ್ರ ಮುಂದೆ ನನ್ನ ಸೋಲಿಸಿ ಕಳಿಸ್ಯಾಳೆ."

ನಿನ್ನ ಬೆನ್ನು ಗಟ್ಟಿಯಾಗಿರಲಿ, ಆ ವಿಮೆ ಎಂದೂ ಬೇಕಾಗದಿರಲಿ.

ಇವತ್ತು ಹೊಟ್ಟೆತುಂಬ ಉಂಡ ನಿನ್ನ ಮಗಳು,
ಚೈತ್ರಶ್ರೀ