ಅರವತ್ತೊಂದರ ಪಕ್ಕ ಅರವತ್ತಾರು

…ಅಲ್ಲಿಗೆ ನಿನ್ನೆ ನಿಲ್ಲಿಸಿದ್ದೆ, ಮಾನ್ಯರೇ: ನಿಮ್ಮ ರೈಲಿನಲ್ಲಿ ಅರವತ್ತೊಂದನೇ ಸೀಟಿನ ಪಕ್ಕ ಅರವತ್ತೆರಡನೇ ಸೀಟು ಇಲ್ಲ ಎಂಬಲ್ಲಿ. ನಿನ್ನೆ ಬರೆದ ನಾಲ್ಕು ಹಾಳೆಗಳಲ್ಲಿ ಸಿಟ್ಟು ಜಾಸ್ತಿಯಾಗಿ ವಿಷಯ ಕಡಿಮೆಯಾಗಿತ್ತು. ಬೆಳಿಗ್ಗೆ ಓದಿ ನೋಡಿ ಹರಿದುಹಾಕಿದೆ. ನೀವು ಕಳೆದುಕೊಂಡದ್ದೇನೂ ಇಲ್ಲ. ನನ್ನ ದೂರು ಇಷ್ಟೇ. ಪರದೇಶದಿಂದ ಬಂದ ಗಂಡ ಹೆಂಡತಿ ಇಬ್ಬರು ಪಕ್ಕಪಕ್ಕ ಕೂರಬೇಕೆಂದು ನಿಮ್ಮಲ್ಲಿ ಎರಡು ಸೀಟು ಕಾಯ್ದಿರಿಸಿದರು. ನಾಲ್ಕು ಗಂಟೆ ಹನ್ನೊಂದು ನಿಮಿಷ ಬೇರೆ ಬೇರೆ ಕೂತು ಪ್ರಯಾಣ ಮಾಡಿದರು. ಆ ಹೆಂಡತಿ ಈಗಿಲ್ಲ. ಗಂಡ ಈ ಪತ್ರ ಬರೆಯುತ್ತಿದ್ದಾನೆ.

ಇದಕ್ಕೆ ಮುಂಚೆ ನಿಮ್ಮ ಆಸನ ಕಾಯ್ದಿರಿಸುವ ಕಚೇರಿಗೆ ಇಂಗ್ಲಿಷಿನಲ್ಲಿ ಎರಡು ಪತ್ರ ಹಾಕಿದ್ದೆ. ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರಲ್ಲಿ ತಲೆಯಲ್ಲಿ ಉಳಿದಿರುವುದನ್ನೆಲ್ಲ ಅವುಗಳಲ್ಲಿ ಸುರಿದಿದ್ದೆ. ಶುರುವಿಗೆ ‘ಐ ಬೆಗ್ ಟು ಸ್ಟೇಟ್’, ಮಧ್ಯೆ ಎರಡು ಕಡೆ ‘ನಾಟ್‌ವಿತ್‌ಸ್ಟ್ಯಾಂಡಿಂಗ್’, ಕೊನೆಗೆ ‘ಕೈಂಡ್ಲಿ ಡೂ ದಿ ನೀಡ್‌ಫುಲ್’. ಎರಡಕ್ಕೂ ಒಂದೇ ಉತ್ತರ ಬಂತು. ನನ್ನ ಅನುಭವ ನಿಮಗೆ ಬಹಳ ಮುಖ್ಯವಂತೆ, ನಲವತ್ತು ಕೆಲಸದ ದಿನಗಳಲ್ಲಿ ಗಮನಿಸುತ್ತೀರಂತೆ. ಆ ನಲವತ್ತು ಮುಗಿದು ಇನ್ನೊಂದು ನಲವತ್ತೂ ಮುಗಿಯಿತು. ಅದಕ್ಕೇ ಈ ಸಲ ಕನ್ನಡದಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೀವು ಓದಲಿಲ್ಲ, ನನಗೂ ಅದು ಪೂರ್ತಿ ಅರ್ಥವಾಗಿರಲಿಲ್ಲ. ಕನ್ನಡದಲ್ಲಾದರೆ ಇಬ್ಬರಲ್ಲಿ ಒಬ್ಬರಿಗಾದರೂ ತಿಳಿಯುತ್ತದೆ.

ಅವಸರಕ್ಕೆ ಕಾರಣವಿದೆ. ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, ಮುಂದಿನ ತಿಂಗಳು ತನ್ನ ಗಂಡನ ಜೊತೆ ನಿಮ್ಮ ಅದೇ ರೈಲಿನಲ್ಲಿ ಹೋಗುವವಳಿದ್ದಾಳೆ. ಅವಳಿಗೆ ಸಿಕ್ಕಿರುವುದು ಎಂಬತ್ತೊಂದು ಮತ್ತು ಎಂಬತ್ತಾರು. ನಿನ್ನೆ ಫೋನ್ ಮಾಡಿದ್ದಳು.

“ಭಾವ, ಮಧ್ಯೆ ನಾಲ್ಕು ನಂಬರ್ ಬಿಟ್ಟು ಕೊಟ್ಟಿದಾರೆ. ನಿಮ್ಮನ್ನೂ ಅಕ್ಕನ್ನೂ ಬೇರೆ ಮಾಡಿದ್ರಲ್ಲ, ಅದೇ ಆಟ ನಮ್ಮ ಹತ್ರಾನೂ ಶುರು ಮಾಡಿದಾರೆ. ಎಂಬತ್ತೆರಡಕ್ಕೆ ಬದಲಾಯಿಸಿಬಿಡ್ಲಾ? ನಾಳೆ ಸಂಜೆವರೆಗೆ ಮಾತ್ರ ಟೈಮಿದೆ.”

“ಯೋಚನೆ ಮಾಡಿ ಹೇಳ್ತೀನಿ” ಎಂದೆ.

“ಇದ್ರಲ್ಲಿ ಯೋಚನೆ ಮಾಡೋದೇನಿದೆ ಭಾವ? ಪೆಟ್ಟು ತಿಂದೋರು ನೀವೇ ತಾನೆ?”

ಅವಳು ಹೇಳಿದ ನಾಳೆ ಸಂಜೆ ಎಂದರೆ ಇವತ್ತು ಸಂಜೆ.

ನಾನು ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದವನು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡುವುದು, ಸವೆದ ತೂಕದ ಬಟ್ಟು ಹಿಡಿಯುವುದು, ಸರಿಯಿದ್ದದ್ದಕ್ಕೆ ಮುದ್ರೆ ಒತ್ತುವುದು ನನ್ನ ಕೆಲಸ. ಒಂದು ಕಿಲೋ ಬೆಳಿಗ್ಗೆಯೂ ಒಂದು ಕಿಲೋ, ಮಧ್ಯಾಹ್ನವೂ ಒಂದು ಕಿಲೋ, ಎಂದು ನಂಬಿ ಸಂಬಳ ತೆಗೆದುಕೊಂಡವನು. ಅಂಥವನು ನಿಮ್ಮ ದರಪಟ್ಟಿಯ ಮುಂದೆ ನಿಂತರೆ ಏನಾಗಬೇಡ? ಅದೇ ರೈಲು, ಅದೇ ದೂರ, ಅದೇ ಡಬ್ಬಿ. ತಿಂಗಳ ಮುಂಚೆ ಕೊಂಡವನಿಗೆ ಒಂದು ದರ, ಅವನು ಆ ರೈಲು ಬಿಟ್ಟು ಬೇರೆಯದನ್ನು ಹತ್ತುವಂತಿಲ್ಲ. ಆ ದಿನವೇ ಕೊಂಡವನಿಗೆ ಅದರ ಮೂರರಷ್ಟು, ಅವನು ಯಾವ ರೈಲಾದರೂ ಹತ್ತಬಹುದು. ಹತ್ತಬಹುದು ಅಷ್ಟೇ, ಕೂರುವುದು ಬೇರೆ ವ್ಯವಹಾರ. ಟಿಕೆಟ್ ಎಂಬ ಚೀಟಿ ಪ್ರಯಾಣಕ್ಕೆ, ಸೀಟು ಎಂಬ ಚೀಟಿ ಕೂರುವುದಕ್ಕೆ. ಮೊದಲನೆಯದು ಮಾತ್ರ ಇದ್ದವನು ನಿಲ್ಲಬೇಕಾಗಬಹುದು, ಎರಡನೆಯದು ಮಾತ್ರ ಇದ್ದವನನ್ನು ಕೆಳಗಿಳಿಸುತ್ತೀರಿ. ಆವತ್ತು ನಮ್ಮ ಡಬ್ಬಿಯಲ್ಲಿ ಟೈ ಕಟ್ಟಿದ ಒಬ್ಬ ಮಹಾಶಯ ಬಾಗಿಲಿಗೆ ಒರಗಿ ದಾರಿಯುದ್ದಕ್ಕೂ ನಿಂತೇ ಬಂದ. ಎಲ್ಲರಿಗಿಂತ ದುಬಾರಿ ಟಿಕೆಟ್ ಅವನದೇ ಎಂದು ಆಮೇಲೆ ತಿಳಿಯಿತು. ಹೆಚ್ಚು ಕೊಟ್ಟವನು ನಿಲ್ಲುವ, ಕಡಿಮೆ ಕೊಟ್ಟವನು ಕೂರುವ ಈ ತಕ್ಕಡಿಗೆ ನಿಮ್ಮಲ್ಲಿ ಮುದ್ರೆ ಒತ್ತಿದವರು ಯಾರು? ಅವರಿಗೆ ನಿವೃತ್ತಿಯಾಗಿದ್ದರೆ ವಿಳಾಸ ಕೊಡಿ, ಮಾತಾಡಲು ನಮ್ಮಲ್ಲಿ ಬೇಕಾದಷ್ಟು ವಿಷಯವಿದೆ.

ಇಷ್ಟನ್ನೂ ನನ್ನ ಹೆಂಡತಿ ಒಂದೇ ಓದಿಗೆ ಅರ್ಥಮಾಡಿಕೊಂಡಿದ್ದಳು. ಅವಳು ಇಪ್ಪತ್ತಾರು ವರ್ಷ ನಾಟಕಮಂದಿರದ ಟಿಕೆಟ್ ಕೌಂಟರಿನಲ್ಲಿ ಕೂತವಳು. ಕಂಬದ ಹಿಂದಿನ ಸೀಟು ಯಾವುದು, ಯಾವ ಸಾಲಿನಲ್ಲಿ ನಂಬರ್ ಬಲದಿಂದ ಶುರುವಾಗುತ್ತದೆ ಎಲ್ಲ ಅವಳ ಬೆರಳ ತುದಿಯಲ್ಲಿತ್ತು. ಎರಡು ಟಿಕೆಟ್, ಎರಡು ಸೀಟಿನ ಚೀಟಿ ಎಲ್ಲ ಅವಳೇ ಮಾಡಿಸಿದ್ದು. ಚೀಟಿಯಲ್ಲಿ ಅರವತ್ತೊಂದು, ಅರವತ್ತಾರು ಎಂದಿತ್ತು. ನಿಮ್ಮ ಸ್ಟೇಷನ್ನಿನ ಬೆಂಚಿನ ಮೇಲೆ ಅದನ್ನು ನೋಡಿ ನನಗೆ ರೇಗಿತು.

“ಇದೇನೇ, ನೀನೊಂದು ಮೂಲೆ ನಾನೊಂದು ಮೂಲೆ?”

“ಪಕ್ಕಪಕ್ಕಾನೇ ರೀ. ಅಲ್ಲಿ ಗೋಡೆ ಮೇಲೆ ನಕ್ಷೆ ಅಂಟಿಸಿದಾರೆ, ನೋಡ್ಕೊಂಡು ಬಂದೆ. ಇಲ್ಲಿ ನಂಬರ್ ನಂಬ್ಕೋಬಾರ್ದು, ನಕ್ಷೆ ನೋಡ್ಬೇಕು.”

“ಅರವತ್ತೊಂದಾದ ಮೇಲೆ ಅರವತ್ತೆರಡು. ಇದಕ್ಕೆ ನಕ್ಷೆ ಬೇರೆ ಬೇಕಾ?”

ಅವಳು ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಚೌಕ ಹಾಕಿ ತೋರಿಸಲು ಬಂದಳು. ನಾನು ಆಗಲೇ ಎದ್ದು ಸಾಲಿನಲ್ಲಿ ನಿಂತಿದ್ದೆ. ನಲವತ್ತು ನಿಮಿಷದ ಸಾಲು. ಅವಳು ಸೂಟ್‌ಕೇಸಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಕೌಂಟರಿನಲ್ಲಿದ್ದ ನಿಮ್ಮ ನೌಕರಳು ಕಂಪ್ಯೂಟರ್ ನೋಡಿದಳು, ನನ್ನನ್ನು ನೋಡಿದಳು, “ಆರ್ ಯೂ ಶ್ಯೂರ್, ಸರ್?” ಎಂದಳು. “ಐ ಆ್ಯಮ್ ವೆರಿ ಮಚ್ ಶ್ಯೂರ್, ಮೇಡಂ” ಎಂದೆ. ಅವಳು ಇನ್ನೊಮ್ಮೆ ಕೇಳಿದಳು, ನಾನು ಇನ್ನೊಮ್ಮೆ ಹೇಳಿದೆ. ಅರವತ್ತಾರನ್ನು ವಾಪಸು ಕೊಟ್ಟು ಅರವತ್ತೆರಡನ್ನು ಗೆದ್ದುಕೊಂಡು ಬಂದೆ. “ಸರಿ ಬಿಡಿ, ನಿಮ್ಮಿಷ್ಟ” ಎಂದಳು ನನ್ನವಳು.

ರೈಲು ಹತ್ತಿದ ಮೇಲೆ ತಿಳಿದದ್ದು: ಅವಳ ಅರವತ್ತೊಂದು ಕಿಟಕಿಯ ಸೀಟು. ಅದಕ್ಕೆ ಅಂಟಿಕೊಂಡೇ ಇತ್ತು ಅರವತ್ತಾರು. ಅರವತ್ತೆರಡು ಓಣಿಯ ಆಚೆ, ಬೆನ್ನು ತಿರುಗಿಸಿಕೊಂಡು, ಶೌಚಾಲಯದ ಬಾಗಿಲಿಗೆ ಎದುರಾಗಿ. ನಾನು ವಾಪಸು ಕೊಟ್ಟ ಸೀಟಿನಲ್ಲಿ ಉಗುರಿನ ಸಂದಿನಲ್ಲಿ ಬಿಳಿ ಬಣ್ಣ ಮೆತ್ತಿಕೊಂಡಿದ್ದ ಒಬ್ಬ ಪೇಂಟರ್ ಬಂದು ಕೂತ. ಒಂದೊಂದು ಸ್ಟೇಷನ್ನಿಗೂ ಅವನು ಇಳಿದಾನು ಎಂದು ಕಾದೆ. ಪುಣ್ಯಾತ್ಮ ಕೊನೆಯವರೆಗೂ ಬಂದ.

ಕೌಂಟರಿನ ಸಂಗತಿಯೊಂದನ್ನು ಬಿಟ್ಟು, ನನ್ನ ಹಿಂದಿನ ಎರಡು ಪತ್ರಗಳು ಇಲ್ಲಿಗೆ ನಿಲ್ಲುತ್ತವೆ. ‘ಯುವರ್ ಆಫೀಸ್ ಸೆಪರೇಟೆಡ್ ಅಸ್’ ಎಂದು ಎರಡರಲ್ಲೂ ಅಡಿಗೆರೆ ಎಳೆದು ಬರೆದಿದ್ದೇನೆ. ಊರಿಗೆ ಬಂದ ಮೇಲೆ ನಾದಿನಿಗೆ ಹೇಳಿದ್ದೂ ಅದನ್ನೇ: “ರೈಲಿನವರು ನಮ್ಮಿಬ್ಬರನ್ನ ಬೇರೆ ಬೇರೆ ಕೂರಿಸಿಬಿಟ್ರು.” ನಾನು ಹಾಗೆ ಹೇಳುವಾಗ ನನ್ನ ಹೆಂಡತಿ ಅಲ್ಲೇ ಬಟ್ಟೆ ಮಡಚುತ್ತಿದ್ದಳು. ತಂಗಿ ಅವಳ ಕಡೆ ತಿರುಗಿ “ಹೌದೇನೇ ಅಕ್ಕ?” ಎಂದಳು. ಇವಳು ತಲೆ ಎತ್ತಲಿಲ್ಲ. “ಹೂಂ, ರೈಲಿನವರೇ” ಎಂದಳು. ಆಮೇಲೆ ಹದಿನಾಲ್ಕು ತಿಂಗಳು ಬದುಕಿದ್ದಳು. ಒಂದು ಸಲವೂ ಆ ಮಾತು ಬದಲಾಯಿಸಲಿಲ್ಲ, ನನ್ನ ಹತ್ತಿರವೂ ಎತ್ತಲಿಲ್ಲ.

ಆ ಪತ್ರಗಳಲ್ಲಿ ಬಿಟ್ಟುಹೋದ ಇನ್ನೊಂದು ವಿಷಯವಿದೆ. ರೈಲು ಹೊರಟು ಅರ್ಧ ಗಂಟೆಯಾಗಿರಬಹುದು. ಅವಳು ಕಿತ್ತಳೆ ಸುಲಿದು ಅರ್ಧವನ್ನು ಪೇಂಟರನ ಕೈಯಲ್ಲಿ ನನಗೆ ಕಳಿಸಿದಳು. ಅವನು ಅದನ್ನು ಕೊಟ್ಟು, ಅವಳನ್ನು ತೋರಿಸಿ, ನನ್ನನ್ನು ತೋರಿಸಿ, ತನ್ನ ಸೀಟಿನ ಕಡೆ ಕೈ ಮಾಡಿದ. “ಯೂ… ವೈಫ್… ಹಿಯರ್?” ಎಂದ. ಅವನ ಇಂಗ್ಲಿಷ್ ನನ್ನದಕ್ಕಿಂತ ಕಡಿಮೆ, ಆದರೆ ಸ್ಪಷ್ಟವಾಗಿತ್ತು. ಎದ್ದು ಹೋಗಿ ಕೂತರೆ ಮುಗಿದಿತ್ತು. ಆದರೆ ಅಲ್ಲಿ ಕೂತರೆ ಅವಳು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡಂತಾಗುತ್ತಿತ್ತು. “ನೋ, ಥ್ಯಾಂಕ್ಸ್. ಐ ಹ್ಯಾವ್ ಮೈ ಓನ್ ರಿಸರ್ವೇಶನ್” ಎಂದೆ. ಅವಳಿಗೆ ಕೇಳಿಸಿತು. ನಕ್ಕಳು. ಆಮೇಲೆ ಒಂದು ದೊಡ್ಡ ಕೆರೆ ಬಂತಂತೆ. ಅವಳು ಎರಡು ಸಲ ತಿರುಗಿ “ರೀ, ರೀ” ಎಂದು ಕರೆದಳು. ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.

ಇಳಿದ ಮೇಲೆ “ಕೆರೆ ನೋಡಿದ್ರಾ?” ಎಂದು ಕೇಳಿದಳು. “ನೋಡಿದೆ” ಎಂದೆ.

ಹೋದ ವಾರ ಅವಳ ಕನ್ನಡಕದ ಡಬ್ಬಿಯಲ್ಲಿ ಅರವತ್ತೊಂದರ ಚೀಟಿ ಸಿಕ್ಕಿತು. ಹಿಂದೆ ಪೆನ್ಸಿಲಿನ ಎರಡು ಚೌಕಗಳು, ಅಂಟಿಕೊಂಡಂತೆ. ಒಂದರಲ್ಲಿ ‘ನಾನು’, ಇನ್ನೊಂದರಲ್ಲಿ ‘ಇವರು’. ನಾನು ನಿಮ್ಮ ಕೌಂಟರಿನ ಸಾಲಿನಲ್ಲಿ ನಿಂತಿದ್ದಾಗ ಬರೆದದ್ದಿರಬೇಕು.

ಆದ್ದರಿಂದ ನನ್ನ ಬೇಡಿಕೆಗಳು. ಮೊದಲನೆಯದು, ಪ್ರತಿ ಸೀಟಿನ ಚೀಟಿಯ ಮೇಲೂ ‘ಪಕ್ಕದ ಸೀಟಿನ ಸಂಖ್ಯೆ ಇಂಥದ್ದು’ ಎಂದು ಒಂದು ಸಾಲು ಅಚ್ಚು ಹಾಕಿಸಿ. ಗೋಡೆಯ ಮೇಲಿನ ನಕ್ಷೆ ಅದನ್ನು ನೋಡುವವರಿಗೆ ಸಾಕು. ನೋಡದವರೂ ಮದುವೆಯಾಗಿರುತ್ತಾರೆ. ಎರಡನೆಯದು, ನನ್ನ ಹಿಂದಿನ ಎರಡೂ ಪತ್ರಗಳನ್ನು ಕಡತದಿಂದ ತೆಗೆದುಹಾಕಿ. ಅಡಿಗೆರೆ ಎಳೆದ ವಾಕ್ಯ ಸುಳ್ಳು. ನಿಮ್ಮ ನೌಕರಳು ಎರಡು ಸಲ ಕೇಳಿದ್ದಳು. ದರದ ವಿಷಯದಲ್ಲಿ ಮಾತ್ರ ನಾನು ಒಂದಕ್ಷರವೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರನೆಯದಾಗಿ, ಎಂಬತ್ತೊಂದರ ಪಕ್ಕದಲ್ಲೇ ಎಂಬತ್ತಾರು ಇದೆ, ಬದಲಾಯಿಸಬೇಡಿ ಎಂದು ನನ್ನ ನಾದಿನಿಗೆ ನಿಮ್ಮ ಕಚೇರಿಯಿಂದಲೇ ತಿಳಿಸಬೇಕು ಎಂದು ಕೇಳುವವನಿದ್ದೆ. ನೀವು ತಿಳಿಸಿದರೆ ನಾನು ತಿಳಿಸುವುದು ತಪ್ಪುತ್ತಿತ್ತು. ಆದರೆ ನಿಮಗೆ ನಲವತ್ತು ಕೆಲಸದ ದಿನ ಬೇಕು.

ಮೇಜಿನ ಮೇಲಿದ್ದ ಬಿಸಿಲು ನೆಲಕ್ಕಿಳಿದು ಈಗ ಹೊಸ್ತಿಲ ಹತ್ತಿರ ಹೋಗಿದೆ. ಬರೆದ ಸಾಲು ಸರಿಯಾಗಿ ಕಾಣುತ್ತಿಲ್ಲ. ದೀಪ ಹಾಕಿದರೆ ಇನ್ನೂ ಎರಡು ಪುಟ ಬರೆದು ಹೊತ್ತು ಕಳೆದೇನು. ಬೇಡ. ಫೋನ್ ಎದುರಿಗೇ ಇದೆ. ಬದಲಾಯಿಸಬೇಡ ಅಂದರೆ ನಾದಿನಿ ಯಾಕೆ ಎಂದು ಕೇಳುತ್ತಾಳೆ. ಮೊದಲಿಂದ ಹೇಳಬೇಕಾಗುತ್ತದೆ. ಕಿತ್ತಳೆಯನ್ನೂ ಸೇರಿಸಿ.

ಇಂತಿ,
ತಾನೇ ಕೇಳಿ ಪಡೆದ ಅರವತ್ತೆರಡನೇ ಸೀಟಿನ ಪ್ರಯಾಣಿಕ