ಟಾಫಿ ಗೇಟಿನ ಹತ್ತಿರ ಕೂತಿದ್ದಾನೆ

ಬೆಂಡಿಗೋ,
ಆಗಸ್ಟ್ 14, ಗುರುವಾರ ಸಂಜೆ

ಪ್ರೀತಿಯ ನೆವಿಲ್,

‘ವಾಪಸ್ ಬರಲಾ, ಬೇಡವಾ, ಅಷ್ಟು ಹೇಳು ಸಾಕು’ ಎಂದು ಬರೆದಿದ್ದೀಯ. ಅಷ್ಟು ಹೇಳುವುದಕ್ಕೇ ವಾರವಿಡೀ ಒದ್ದಾಡುತ್ತಿದ್ದೇನೆ. ಬಾ ಎಂದು ಬರೆದರೆ ಸುಳ್ಳು ಅನಿಸುತ್ತದೆ, ಬೇಡ ಎಂದು ಬರೆದರೆ ಅದಕ್ಕಿಂತ ದೊಡ್ಡ ಸುಳ್ಳು ಅನಿಸುತ್ತದೆ. ಅದಕ್ಕೇ ಇವತ್ತು ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಿನಗೇನಾದರೂ ಅರ್ಥವಾದರೆ ನನಗೂ ತಿಳಿಸು.

ಈ ವರ್ಷ ಮೂರನೇ ತರಗತಿಗೆ ವಾಕ್ಯ ಬರೆಯುವುದನ್ನು ಬಿಡಿಸಿ ಬಿಡಿಸಿ ಹೇಳಿಕೊಡುತ್ತಿದ್ದೇವೆ. ಅರ್ಧ ವಾಕ್ಯ ಕೊಡುವುದು, ಅದನ್ನೇ ಏಕೆಂದರೆ, ಆದರೆ, ಆದ್ದರಿಂದ ಸೇರಿಸಿ ಮೂರು ಸಲ ಮುಗಿಸುವುದು. ಮೊದಲು ನನ್ನ ಸರದಿ, ಆಮೇಲೆ ಎಲ್ಲರೂ ಕೂಡಿ, ಕೊನೆಗೆ ಅವರವರೇ. ನನ್ನ ಸರದಿಯಲ್ಲಿ ನಾನು ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಬರೆಯಬೇಕು, ಮಕ್ಕಳು ಪಿಟಕ್ಕೆನ್ನಬಾರದು.

ಇವತ್ತು ನಮ್ಮ ಮುಖ್ಯೋಪಾಧ್ಯಾಯಿನಿ ಮಿಸೆಸ್ ಪಪ್ಪಾಸ್ ಪಾಠ ನೋಡಲು ಹಿಂದೆ ಕೂತಿದ್ದರು. ಸಿದ್ಧಮಾಡಿಕೊಂಡಿದ್ದ ವಾಕ್ಯ ಜ್ವಾಲಾಮುಖಿಯದು. ಕೈ ಮಾತ್ರ ಬೋರ್ಡಿನ ಮೇಲೆ ‘ಟಾಫಿ ಗೇಟಿನ ಹತ್ತಿರ ಕೂತಿದ್ದಾನೆ’ ಎಂದು ಬರೆದುಬಿಟ್ಟಿತು. ಜ್ವಾಲಾಮುಖಿಯ ಜಾಗಕ್ಕೆ ನಮ್ಮ ನಾಯಿ ಯಾಕೆ ಬಂತೋ ಈಗಲೂ ಗೊತ್ತಿಲ್ಲ. ಬರೆದ ಮೇಲೆ ಮುಗಿಸಲೇಬೇಕಲ್ಲ. ‘ಯಾಕೆ ಕೂತಿದ್ದಾನೆ? ಏಕೆಂದರೆ ಅವನನ್ನು ಸುತ್ತಾಡಿಸುತ್ತಿದ್ದವರು ಹೊರಟುಹೋದರು’ ಎಂದು ಜೋರಾಗಿ ಹೇಳಿಕೊಂಡೇ ಬರೆದೆ. ಮುಂದೆ ‘ಆದರೆ’ ಎಂದು ಬರೆದು ನಿಂತೆ. ನಿಂತವಳು ನಿಂತೇ ಇದ್ದೆ.

ತರಗತಿ ಬಾಯಿಮುಚ್ಚಿ ಕಾಯುತ್ತಿತ್ತು. ಕೊನೆಗೆ ಹ್ಯೂಗೋ ನನ್ನ ಮೇಲೆ ಕರುಣೆಯಿಂದ, “ಮಿಸ್, ಇದು ನಿಮ್ಮ ಸರದಿ. ನಾವು ಹೇಳಿಕೊಡೋ ಹಾಗಿಲ್ಲ” ಅಂದ.

ಗಾಬರಿಯಲ್ಲಿ ನನ್ನ ಸರದಿ ಮುಗಿಸದೇ ನೀವೇ ಬರೆಯಿರಿ ಎಂದುಬಿಟ್ಟೆ. ಈ ಪಾಠದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಪುಟ್ಟ ಬಿಳಿ ಹಲಗೆಗಳು ಮೇಲೆದ್ದವು. ಆದರೆ ಅವನಿಗೆ ಹಸಿವಾಗಿದೆ, ಆದರೆ ಚಳಿ ಇದೆ, ಹೀಗೆ. ಮಾರ್ನಿ ಎಂಬ ಹುಡುಗಿಯ ಹಲಗೆ ಮಾತ್ರ ಖಾಲಿ.

“ಮಿಸ್, ಹೋದವರು ಸತ್ತೋದ್ರಾ?” ಎಂದು ಕೇಳಿದಳು.

ಇಲ್ಲ, ಜೀಲಾಂಗ್‌ನಲ್ಲಿದ್ದಾರೆ ಎಂದೆ.

“ಜೀಲಾಂಗಾ? ನಮ್ಮಜ್ಜಿ ಇರೋದೂ ಅಲ್ಲೇ. ಊಟ ಮುಗಿಸಿ ಹೊರಟ್ರೆ ಟೀ ಹೊತ್ತಿಗೆ ಹೋಗ್ಬೋದು. ಮತ್ತೆ ಯಾಕೆ ಸುಮ್ನೆ ಕೂತಿರೋದು?”

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಪಪ್ಪಾಸ್, “ಜನೀನ್, ಮಾದರಿ ವಾಕ್ಯ ನಿಮಗೇ ಮುಗಿಸೋಕೆ ಬರ್ಲಿಲ್ಲ ಅಂದ್ರೆ ಮಕ್ಕಳ ಗತಿ ಏನ್ರೀ?” ಅಂದರು. ಬೈದರೋ, ಮರುಗಿದರೋ ತಿಳಿಯಲಿಲ್ಲ. ಬಿಸ್ಕತ್ತಿನ ಡಬ್ಬಿಯನ್ನಂತೂ ನನ್ನ ಕಡೆ ತಳ್ಳಿದರು.

ಈಸ್ಟರ್ ಮುಗಿದು ನೀನು ಹೊರಟ ದಿನ ಹೇಳಿದ್ದು ನೆನಪಿದೆಯಾ? ‘ನಾನು ಬಾಯಿ ತೆಗೆದರೆ ಸಾಕು, ಮಿಕ್ಕಿದ್ದನ್ನು ನೀನೇ ಮುಗಿಸುತ್ತೀಯ. ಈ ಮನೆಯಲ್ಲಿ ನನ್ನದು ಅಂತ ಒಂದು ಮಾತೂ ಇಲ್ಲ’ ಅಂದಿದ್ದೆ. ಆಗ ನನಗೆ ಕೋಪ ಬಂದಿತ್ತು. ನೀನು ಹೇಳಿದ್ದು ನಿಜವೋ, ಹೋಗಲು ನೆಪವೋ, ಈಗಲೂ ಗೊತ್ತಾಗುತ್ತಿಲ್ಲ. ನೀನು ವಾಪಸ್ ಬಂದರೆ ಮತ್ತೆ ಹಾಗೇ ಮಾಡುತ್ತೇನೇನೋ ಎಂಬ ಭಯವಿದೆ. ನೀನು ಬಾರದಿದ್ದರೆ ಯಾರ ಮಾತು ಮುಗಿಸಲಿ ಎಂಬ ಭಯ ಅದಕ್ಕಿಂತ ಹೆಚ್ಚಿದೆ.

ಇಷ್ಟು ಬರೆದರೂ ನಿನಗೆ ಬೇಕಾದ ಉತ್ತರ ಇದರಲ್ಲಿಲ್ಲ. ನನ್ನನ್ನು ಬೈದುಕೋ. ಟಾಫಿಯ ಸಲುವಾಗಿಯಾದರೂ ಒಮ್ಮೆ ಬಂದು ಹೋಗು ಎನ್ನೋಣವೆಂದರೆ ಅದೂ ನೆಪವೇ ಆಗುತ್ತದೆ.

ಇನ್ನೂ ನಿನ್ನವಳೋ ಏನೋ,
ಜನೀನ್

ಮರೆತಿದ್ದೆ: ಮಕ್ಕಳಿಗೆ ಸುಳ್ಳು ಹೇಳಿದೆ. ಟಾಫಿ ಗೇಟಿಗೆ ಹೋಗುವುದನ್ನು ಬಿಟ್ಟು ಬಹಳ ದಿನವಾಯಿತು. ನಿನ್ನ ಕುರ್ಚಿಯ ಮೇಲೆ ಹಾಯಾಗಿ ಗೊರಕೆ ಹೊಡೆಯುತ್ತಾನೆ. ಸಂಜೆ ಗೇಟಿನ ಹತ್ತಿರ ಕೂರುವವಳು ನಾನು. ಈ ಕಾಗದವನ್ನೂ ಅಲ್ಲೇ ಕೂತು ಬರೆದೆ.